ಕುಕ್ಕುವಾಡಕ್ಕೊಂದು ವೋಟು

ಮಳೆ ಇಲ್ಲ, ನಾಲೆಯಲ್ಲಿ ನೀರಿಲ್ಲ, ಕರೆಂಟಿಲ್ಲ. ದಾವಣಗೆರೆ ಸೀಮೆಯ ಈ ಮೂರು ಹಳೆಯ ದೂರುಗಳ ಪಕ್ಕ ಈಗ ನಾಲ್ಕನೆಯದೊಂದು ಬಂದು ಕುರ್ಚಿ ಹಾಕಿಕೊಂಡು ಕೂತಿದೆ: ‘ಸರ್ವರ್ ಇಲ್ಲ’. ಮೊದಲ ಮೂರಕ್ಕೆ ಬೈಯಲು ಯಾರಾದರೂ ಸಿಗುತ್ತಾರೆ. ಮಳೆಗೆ ದೇವರು, ನೀರಿಗೆ ನಾಲೆಯ ಮೇಲ್ಭಾಗದ ರೈತರು, ಕರೆಂಟಿಗೆ ಲೈನ್‌ಮನ್. ಸರ್ವರ್ ವಿಷಯದಲ್ಲಿ ಮಾತ್ರ ಬೈಗುಳ ಎಲ್ಲಿಗೆ ಕಳಿಸಬೇಕೆಂದು ತಿಳಿಯದೆ ಜನ ಅದನ್ನು ನುಂಗಿಕೊಂಡು ಮನೆಗೆ ಹೋಗುತ್ತಾರೆ. ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಕಾದವರು, ಪಹಣಿಗೆ ಅರ್ಜಿ ಹಾಕಿದವರು, 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿಗೆ ಸಾಲು ನಿಂತ ಹೆಂಗಸರು, ಎಲ್ಲರೂ ಈ ಎರಡು ಪದ ಕೇಳಿಯೇ ವಾಪಸಾದವರು. ಸಾವಿನ ಮನೆಯಿಂದ ವಾಪಸು ಬಂದವರ ಹಾಗೆ ಯಾರೂ ಎದುರು ವಾದಿಸುವುದಿಲ್ಲ. ಇಲ್ಲ ಅಂದರೆ ಇಲ್ಲ.

ನನ್ನ ಹೊಟ್ಟೆಪಾಡು ಇದೇ ‘ಇಲ್ಲ’ದ ಸುತ್ತ ಇದೆ. ಒಂದು ಸರ್ವರ್ ಬಿದ್ದರೆ ಇನ್ನೊಂದು ಎದ್ದು ನಿಲ್ಲುವ ಹಾಗೆ ಏರ್ಪಾಡು ಮಾಡುವವನು ನಾನು. ನಮ್ಮೂರು ಕುಕ್ಕುವಾಡದಲ್ಲಿ ಇದನ್ನು ವಿವರಿಸುವುದು ಕಷ್ಟ. ‘ಕಂಪ್ಯೂಟರ್ ಕೆಲಸ’ ಎಂದರೆ ಪ್ರಿಂಟರ್ ರಿಪೇರಿಗೆ ಕರೆಯುತ್ತಾರೆ. ‘ಡೇಟಾಬೇಸ್’ ಎಂದರೆ ಮೊಬೈಲ್ ಡೇಟಾ ಬೇಗ ಖಾಲಿಯಾಗುತ್ತದೆ, ಯಾಕೆ ನೋಡು ಎನ್ನುತ್ತಾರೆ. ಹೀಗಿರುವಾಗ ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದವರು, ಹೆಸರು ಬೇಡ, ತಮ್ಮ ಲೆಕ್ಕಪತ್ರಕ್ಕೆ ಇಂಥದ್ದೊಂದು ಏರ್ಪಾಡು ಬೇಕೆಂದು ಕರೆದಾಗ ನನಗೆ ಸಂತೋಷಕ್ಕಿಂತ ಆಶ್ಚರ್ಯವೇ ಹೆಚ್ಚಾಯಿತು.

ಸಹಕಾರ ಸಂಘಗಳಿಗೂ ಕಂಪ್ಯೂಟರಿಗೂ ನಂಟು ಕಲ್ಪಿಸುವುದು ಈಗ ಸರ್ಕಾರದ ಕಾರ್ಯಕ್ರಮವೇ ಆಗಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದಾಗ ಒಂದು ಖಿರ್ದಿ ಪುಸ್ತಕ, ಒಂದು ಪೆಟ್ಟಿಗೆ, ಅದಕ್ಕೊಂದು ಬೀಗ ಇದ್ದರೆ ಸಾಕಾಗುತ್ತಿತ್ತು. ನಾನು ಹೇಳುತ್ತಿರುವ ಸಂಘದಲ್ಲಿ ಆ ಪೆಟ್ಟಿಗೆಯ ಬದಲು ಸರ್ವರ್, ಅದೂ ಮೆಟ್ಟಿಲ ಕೆಳಗೆ ಇತ್ತು. ಅದರ ಮೇಲೆ ಒಂದು ಕುಂಕುಮದ ಬೊಟ್ಟು, ಆಯುಧಪೂಜೆಯ ಒಣಗಿದ ಸೇವಂತಿಗೆ, ಪಕ್ಕದಲ್ಲಿ ಸುಣ್ಣದ ಡಬ್ಬ. ಗಾಳಿಯಾಡಲೆಂದು ಯಾರೋ ಪುಣ್ಯಾತ್ಮರು ಸರ್ವರಿನ ಮುಚ್ಚಳ ತೆಗೆದಿದ್ದರು. ಒಳಗೆ ಒಂದು ಹಲ್ಲಿ ಸಂಸಾರ ಹೂಡಿತ್ತು.

ಹಲ್ಲಿಯನ್ನು ಕಂಡು ನಗಬೇಕಾಗಿಲ್ಲ. ನಮ್ಮ ದಾಖಲೆಗಳ ಇತಿಹಾಸವೇ ಒಂಟಿ ಪ್ರತಿಯ ಇತಿಹಾಸ. ಶಾನುಭೋಗರ ಕಾಲದಲ್ಲಿ ಊರಿನ ಲೆಕ್ಕವೆಲ್ಲ ಅವರ ಮನೆಯ ಅಟ್ಟದಲ್ಲಿರುತ್ತಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು ಮಡಿಚಿದ ಕಡತ. ಅದರ ಮೇಲೆ ಬಳಪದ ಬರಹ. ಒರೆಸಿ ಮತ್ತೆ ಬರೆಯುವ ಸೌಲಭ್ಯವೂ ಇತ್ತು, ಆ ಸೌಲಭ್ಯವನ್ನು ಉಪಯೋಗಿಸಿಕೊಂಡವರೂ ಇದ್ದರು. ಗ್ರಾಮಾಧಿಕಾರ ರದ್ದತಿಯ 1961ರ ಕಾಯಿದೆ ಶಾನುಭೋಗಿಕೆಯನ್ನು ಕೊನೆಗಾಣಿಸಿತು; ಗೆದ್ದಲು ಮಾತ್ರ ಹುದ್ದೆಯಲ್ಲಿ ಮುಂದುವರಿಯಿತು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದು 67 ಲಕ್ಷ ರೈತರ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ತಾಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಲೋಕವೆಲ್ಲ ಹೊಗಳಿದ ಕೆಲಸ ಅದು, ಹೊಗಳಬೇಕಾದದ್ದೇ. ಆದರೆ ಗೆದ್ದಲಿಗೆ ಹೆದರುತ್ತಿದ್ದ ನಾವು ಅಲ್ಲಿಂದಾಚೆ ಹಾರ್ಡ್‌ಡಿಸ್ಕಿಗೆ ಹೆದರಲು ಕಲಿತೆವು.

ಪ್ರತಿ ಮಾಡಿಸಿಡುವ ಬುದ್ಧಿ ಈ ನೆಲಕ್ಕೆ ಹೊಸದೇನಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು. ಅಚ್ಚಿನ ಮನೆ ಇಲ್ಲದ ಕಾಲದಲ್ಲಿ, ಓಲೆಯ ಮೇಲೆ ಕಂಟದಿಂದ ಕೊರೆದು, ಸಾವಿರ! ಇಂದು ಮೂರು ಪ್ರತಿ ಇಡಿ ಎಂದರೆ ಆಡಳಿತ ಮಂಡಳಿಯವರು ಖರ್ಚಿನ ಪಟ್ಟಿ ನೋಡಿ ಬೆವರುತ್ತಾರೆ. ಶಾಂತಿಪುರಾಣ ನಮಗೆ ಉಳಿಯಿತು. ಅದೇ ಪೊನ್ನನ ‘ಭುವನೈಕ ರಾಮಾಭ್ಯುದಯ’ ಉಳಿಯಲಿಲ್ಲ, ರನ್ನನ ‘ಪರಶುರಾಮ ಚರಿತ’ವೂ ಉಳಿಯಲಿಲ್ಲ. ಅವುಗಳಿಗೆ ಒಬ್ಬ ಅತ್ತಿಮಬ್ಬೆ ಸಿಕ್ಕಿರಲಿಲ್ಲ ಎಂದೇ ನನ್ನ ಅನುಮಾನ.

ಸಂಘದ ಸಭೆಗೆ ಬರೋಣ. ಸಭೆಯೆಂದರೆ ಎದುರಿಗೆ ಖಾರ ಮಂಡಕ್ಕಿ, ಮಿರ್ಚಿ, ಮಧ್ಯದಲ್ಲಿ ನನ್ನ ನಕಾಶೆ. ಮಿರ್ಚಿಯ ಎಣ್ಣೆ ಮೊದಲು ಬಿದ್ದದ್ದೇ ಹರಿಹರ ಶಾಖೆಯ ಚೌಕದ ಮೇಲೆ. ನಾನು ವಿವರಿಸಿದೆ: ‘ನೀವು ಹಣ ಕಟ್ಟಿಸಿಕೊಂಡರೆ ಮೊದಲು ಖಿರ್ದಿಗೆ ಬರೀತೀರಿ, ಆಮೇಲೆ ಖಾತೆಗೆ ಏರಿಸ್ತೀರಿ. ಡೇಟಾಬೇಸೂ ಮೊದಲು ಒಂದು ಖಿರ್ದಿ ಬರೆಯುತ್ತದೆ. ಆ ಖಿರ್ದಿಯ ಒಂದೊಂದು ಸಾಲನ್ನೂ ಬರೆದ ಹಾಗೆಯೇ ಹರಿಹರಕ್ಕೆ ಕಳಿಸಿದರೆ, ಅಲ್ಲಿನ ಯಂತ್ರ ಅದನ್ನು ನೋಡಿಕೊಂಡು ತನ್ನ ಖಾತೆ ಬರೆದುಕೊಳ್ಳುತ್ತದೆ. ದಾವಣಗೆರೆ ಯಜಮಾನ, ಹರಿಹರ ನಕಲು. ಯಜಮಾನ ಬಿದ್ದರೆ ನಕಲೇ ಯಜಮಾನ.’

ಕಾರ್ಯದರ್ಶಿಗೆ ಖಿರ್ದಿ ಎಂಬ ಮಾತು ಕಿವಿಗೆ ಬಿದ್ದದ್ದೇ ಮುಖ ಅರಳಿತು. ಇಪ್ಪತ್ತೆಂಟು ವರ್ಷ ಅದನ್ನೇ ಬರೆದವರು ಅವರು. ‘ಖಿರ್ದಿ ಇದ್ರೆ ಖಾತೆ ಯಾವಾಗ ಬೇಕಾದ್ರೂ ಕಟ್ಟಬಹುದು, ಖಾತೆ ಇದ್ದು ಖಿರ್ದಿ ಹೋದ್ರೆ ಆಡಿಟ್‌ನೋರು ನಮ್ಮನ್ನ ಕಟ್ತಾರೆ’ ಎಂದರು. ನಾನು ಓದಿದ ದಪ್ಪ ಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ಹೇಳಿಲ್ಲ.

ಕುಕ್ಕುವಾಡದ ಕಡೆಯಿಂದ ಆರಿಸಿ ಬಂದಿದ್ದ ನಿರ್ದೇಶಕರಿಗೆ ಬೇರೆಯದೇ ಅನುಮಾನ. ‘ಅಲ್ಲಾ ತಮ್ಮಾ, ಇಲ್ಲಿ ಬರೆದಿದ್ದು ಅಲ್ಲಿಗೆ ಹೋಗೋದು ಎಷ್ಟು ಹೊತ್ತಿಗೆ?’

‘ಕಣ್ಣು ಮಿಟುಕಿಸೋ ಮೊದಲೇ ಯಜಮಾನ್ರೆ. ಕೆಲವು ಸಲ ಮಾತ್ರ ಸ್ವಲ್ಪ ಹಿಂದೆ ಬೀಳ್ತದೆ.’

‘ಅಂದ್ರೆ ಕೊನೇ ಭಾಗದೋರು ಅನ್ನು’ ಎಂದು ಅವರು ಮಿರ್ಚಿ ಕೈಗೆತ್ತಿಕೊಂಡರು.

ಭದ್ರಾ ಜಲಾಶಯ 186 ಅಡಿ ತುಂಬಿತೆಂದು ಪೇಪರಿನಲ್ಲಿ ಫೋಟೊ ಬರುತ್ತದೆ, ಬಾಗಿನ ಅರ್ಪಣೆಯಾಗುತ್ತದೆ, ನಾಲೆಗೆ ನೀರು ಬಿಡುತ್ತಾರೆ. ದಾವಣಗೆರೆ ತಾಲೂಕಿನ ಕೊನೆಯ ಗದ್ದೆಗೆ ಆ ನೀರು ಬರುವ ಹೊತ್ತಿಗೆ ಮೇಲಿನವರ ನಾಟಿ ಮುಗಿದಿರುತ್ತದೆ. ನಮ್ಮ ವೃತ್ತಿಯಲ್ಲಿ ಇದನ್ನು ಲ್ಯಾಗ್ ಎನ್ನುತ್ತೇವೆ. ಯಜಮಾನ ಬೀಳುವ ಕ್ಷಣದಲ್ಲಿ ನಕಲು ಎಷ್ಟು ಹಿಂದಿತ್ತೋ ಅಷ್ಟು ಸಾಲು ಹೋಯಿತು. ಯಾರದೋ ಆರ್‌ಡಿ ಕಂತು, ಯಾರದೋ ಅಡಿಕೆ ದುಡ್ಡು.

ಇದು ಆಗಬಾರದು ಅಂದರೆ ಒಂದು ದಾರಿ ಇದೆ: ನಕಲು ‘ಬರೆದುಕೊಂಡೆ’ ಎನ್ನುವ ತನಕ ಗ್ರಾಹಕನಿಗೆ ರಸೀದಿ ಕೊಡದೆ ಕಾಯುವುದು. ಹರಿಹರ ಹದಿನಾಲ್ಕು ಕಿಲೋಮೀಟರ್, ಕಾದದ್ದೂ ತಿಳಿಯುವುದಿಲ್ಲ. ಆದರೆ ಹದಿನಾಲ್ಕು ಕಿಲೋಮೀಟರ್ ಒಂದು ದೂರವೇ? ಎರಡೂ ಊರಿಗೆ ಒಂದೇ ನದಿ, ಹೆಚ್ಚುಕಡಿಮೆ ಒಂದೇ ಕರೆಂಟು. ಹಾಗಾಗಿ ಬೆಂಗಳೂರಿನಲ್ಲಿ ಇನ್ನೊಂದು ಪ್ರತಿ ಬೇಕೆಂದೆ. ಅಲ್ಲಿಗೆ ಸುಮಾರು 260 ಕಿಲೋಮೀಟರ್. ಗಾಜಿನ ತಂತಿಯೊಳಗೆ ಬೆಳಕು ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಮೂರು ಮಿಲಿಸೆಕೆಂಡು ಹಿಡಿಯಿರಿ. ಒಂದು ರಸೀದಿಗೆ ಅದು ಲೆಕ್ಕಕ್ಕೇ ಇಲ್ಲ. ಆದರೆ ಮಾರ್ಚ್ 31ರ ರಾತ್ರಿ ಒಂದು ಲಕ್ಷ ನಮೂದುಗಳಿಗೆ ಒಂದಾದ ಮೇಲೊಂದರಂತೆ ಬಡ್ಡಿ ಏರಿಸುವಾಗ, ಕಾಯುವುದಕ್ಕೇ ಐದು ನಿಮಿಷ ಹೋಗುತ್ತದೆ. ಐದು ನಿಮಿಷವಾದರೂ ಹೋಗಲಿ; ತುಮಕೂರಿನ ಹತ್ತಿರ ಯಾವುದೋ ಜೆಸಿಬಿ ತಂತಿ ಕಿತ್ತಿತೆಂದರೆ ದಾವಣಗೆರೆಯಲ್ಲಿ ರಸೀದಿಯೇ ಇಲ್ಲ. ಆದ್ದರಿಂದ ಹರಿಹರಕ್ಕೆ ಕಾಯುವುದು, ಬೆಂಗಳೂರಿಗೆ ಕಾಯದೆ ಕಳಿಸುವುದು ಎಂದು ತೀರ್ಮಾನವಾಯಿತು. ಬೆಂಗಳೂರಿಗೆ ಯಾರೂ ಕಾಯಬಾರದು ಎಂಬ ಮಾತಿಗೆ ಸಭೆಯಲ್ಲಿ ಒಮ್ಮತದ ಚಪ್ಪಾಳೆ ಬಿತ್ತು.

ನಿಜವಾದ ತೊಡಕು ಆಮೇಲೆ ಶುರುವಾದದ್ದು. ನಕಲು ಮಾಡುವುದು ಸುಲಭ. ಯಜಮಾನ ಸತ್ತನೋ ಇಲ್ಲವೋ ಎಂದು ನಿರ್ಧರಿಸುವುದು ಕಷ್ಟ. ದಾವಣಗೆರೆಯಿಂದ ಮಾತು ನಿಂತಿತು ಎಂದುಕೊಳ್ಳಿ. ಹರಿಹರದ ಯಂತ್ರಕ್ಕೆ ಗೊತ್ತಿರುವುದು ಇಷ್ಟೇ: ಆ ಕಡೆಯಿಂದ ಸದ್ದಿಲ್ಲ. ಯಜಮಾನ ಸತ್ತಿರಬಹುದು. ನಡುವಿನ ತಂತಿ ಕಡಿದಿರಬಹುದು, ಯಜಮಾನ ಹರಿಹರಕ್ಕೆ ಕಾಯುವುದನ್ನು ಬಿಟ್ಟು ಗಟ್ಟಿಮುಟ್ಟಾಗಿ ದಾವಣಗೆರೆಯಲ್ಲಿ ರಸೀದಿ ಕೊಡುತ್ತಿರಬಹುದು. ಅವಸರಪಟ್ಟು ಹರಿಹರ ತಾನೇ ಯಜಮಾನ ಎಂದು ಘೋಷಿಸಿಕೊಂಡರೆ ಒಂದೇ ಖಾತೆಯ ಐವತ್ತು ಸಾವಿರವನ್ನು ಗಂಡ ದಾವಣಗೆರೆಯಲ್ಲೂ ಹೆಂಡತಿ ಹರಿಹರದಲ್ಲೂ ತೆಗೆಯಬಹುದು. ಎರಡೂ ಪುಸ್ತಕ ಸರಿ, ಎರಡಕ್ಕೂ ರುಜು ಇದೆ, ಸಂಘ ಮಾತ್ರ ಮುಳುಗಿತು. ಇಬ್ಬರು ಯಜಮಾನರು ಒಂದೇ ದೇಹದಲ್ಲಿ ಜಗಳವಿಲ್ಲದೆ ಇರುವುದು ನಾನು ಕಂಡ ಹಾಗೆ ಹರಿಹರೇಶ್ವರನ ಗುಡಿಯಲ್ಲಿ ಮಾತ್ರ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಆ ಗುಡಿಯಲ್ಲಿ ಅರ್ಧ ಹರ, ಅರ್ಧ ಹರಿ. ಗುಹಾಸುರನನ್ನು ಕೊಲ್ಲಲು ಅವರು ಹಾಗೆ ಸೇರಬೇಕಾಯಿತೆಂದು ಸ್ಥಳಪುರಾಣ. ಸಂಘದ ಸರ್ವರುಗಳಿಂದ ಅಷ್ಟು ದೈವಿಕ ಹೊಂದಾಣಿಕೆ ನಿರೀಕ್ಷಿಸುವುದು ತಪ್ಪು.

ಅವಸರದ ಬೆಲೆ ಎಷ್ಟೆಂದು ದೊಡ್ಡವರೂ ತೆತ್ತು ತಿಳಿದಿದ್ದಾರೆ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್ ಕಂಪನಿಯ ಎರಡು ಕೇಂದ್ರಗಳ ನಡುವೆ ಸಂಪರ್ಕ ತಪ್ಪಿದ್ದು 43 ಸೆಕೆಂಡು. ಅಷ್ಟರಲ್ಲೇ ಅವರ ಸ್ವಯಂಚಾಲಿತ ವ್ಯವಸ್ಥೆ ಅಮೆರಿಕದ ಪೂರ್ವ ಕರಾವಳಿಯ ಯಜಮಾನನನ್ನು ಕೈಬಿಟ್ಟು ಪಶ್ಚಿಮ ಕರಾವಳಿಯವನಿಗೆ ಪಟ್ಟ ಕಟ್ಟಿತು. ಪೂರ್ವದವನ ಪುಸ್ತಕದಲ್ಲಿ ಪಶ್ಚಿಮಕ್ಕೆ ತಲುಪದ ಕೆಲವು ಸಾಲುಗಳು ಉಳಿದುಬಿಟ್ಟವು. ಅದನ್ನೆಲ್ಲ ಒಂದು ಹದಕ್ಕೆ ತರಲು 24 ಗಂಟೆ 11 ನಿಮಿಷ ಹಿಡಿಯಿತು. ಒಂದು ಲೋಟ ಚಹಾ ಸೋಸುವಷ್ಟು ಹೊತ್ತಿನ ಮೌನಕ್ಕೆ ಒಂದು ಹಗಲು ಒಂದು ರಾತ್ರಿ ದಂಡ.

ಪರಿಹಾರ ಕೇಳಿದರೆ ನಗುತ್ತೀರಿ: ಮತದಾನ. ಲೆಸ್ಲಿ ಲ್ಯಾಂಪೋರ್ಟ್ ಎಂಬ ಗಣಕವಿಜ್ಞಾನಿ ಇದಕ್ಕೊಂದು ಕಥೆ ಕಟ್ಟಿದ. ಪ್ಯಾಕ್ಸೋಸ್ ಎಂಬ ಗ್ರೀಕ್ ದ್ವೀಪ, ಅಲ್ಲೊಂದು ಸಂಸತ್ತು. ಸದಸ್ಯರಿಗೆ ಸಭೆಗಿಂತ ಸ್ವಂತ ವ್ಯವಹಾರವೇ ಹೆಚ್ಚು, ಬಂದಾರು, ನಡುವೆ ಎದ್ದು ಹೋದಾರು. ಓಲೆಕಾರರೂ ಭರವಸೆಯವರಲ್ಲ. ಆದರೂ ಒಬ್ಬೊಬ್ಬರ ಪುಸ್ತಕದಲ್ಲಿ ಒಂದೊಂದು ಕಾನೂನು ಬರೆದಿರಬಾರದು. ನಮ್ಮ ಪಂಚಾಯಿತಿಯನ್ನು ನೋಡಿದವರಿಗೆ ಇದನ್ನು ಕಥೆ ಎನ್ನಲೂ ಮನಸ್ಸು ಬಾರದು. ಉಪಾಯ ಸರಳ: ಅರ್ಧಕ್ಕಿಂತ ಹೆಚ್ಚು ಜನ ಒಪ್ಪದೆ ಯಾವ ನಿರ್ಣಯವೂ ಇಲ್ಲ. ಯಾವುದೇ ಎರಡು ಬಹುಮತಗಳಲ್ಲಿ ಒಬ್ಬನಾದರೂ ಎರಡಕ್ಕೂ ಸೇರಿದವನು ಇದ್ದೇ ಇರುತ್ತಾನೆ. ಅವನು ಹಳೆಯ ನಿರ್ಣಯ ನೆನಪಿಸುತ್ತಾನೆ. 1990ರಲ್ಲಿ ಈ ಕಥೆಯ ಪ್ರಬಂಧ ಪತ್ರಿಕೆಗೆ ಹೋದಾಗ, ಪರಿಶೀಲಿಸಿದವರು ಆ ದ್ವೀಪದ ತಮಾಷೆಯನ್ನೆಲ್ಲ ತೆಗೆದುಹಾಕಿ ಎಂದರು. ಲ್ಯಾಂಪೋರ್ಟನಿಗೆ ಸಿಟ್ಟು ಬಂದು ಕಪಾಟಿನಲ್ಲಿಟ್ಟ. ಅದು ಅಚ್ಚಾದದ್ದು 1998ರಲ್ಲಿ. ಇಂದು ಲೋಕದ ಎಷ್ಟೋ ದೊಡ್ಡ ಡೇಟಾಬೇಸುಗಳ ತಳದಲ್ಲಿ ಇರುವುದು ಆ ದ್ವೀಪದ ಸಂಸತ್ತೇ. ಲಲಿತ ಪ್ರಬಂಧ ಬರೆಯುವವರಿಗೆ ಇದಕ್ಕಿಂತ ಸಮಾಧಾನ ಬೇರೆ ಬೇಕೆ?

ಬೆಂಗಳೂರಿಗೆ ಯಾರೂ ಕಾಯುವುದಿಲ್ಲ; ಉಳಿದವರು ಇಬ್ಬರೇ, ಇಬ್ಬರಲ್ಲಿ ಬಹುಮತವಿಲ್ಲ. ಮೂರನೆಯವ ಬೇಕು. ಆ ಮೂರನೆಯ ಯಂತ್ರ ಎಲ್ಲಿಡುವುದು ಎಂದು ನಾನಿನ್ನೂ ಬಾಯಿ ತೆರೆದಿರಲಿಲ್ಲ, ನಮ್ಮೂರ ನಿರ್ದೇಶಕರು ಮೇಜು ಕುಟ್ಟಿದರು. ‘ದಾವಣಗೆರೀಗೆ ಒಂದು, ಹರಿಹರಕ್ಕೊಂದು, ಬೆಂಗಳೂರಿಗೂ ಒಂದು. ಕುಕ್ಕುವಾಡದೋರು ಷೇರು ಕಟ್ಟಿಲ್ಲೇನು? ಸಕ್ಕರೆ ಫ್ಯಾಕ್ಟರಿ ನಮ್ಮೂರಾಗ ಐತಿ, ಸರ್ವರ್ ಯಾಕೆ ಬ್ಯಾಡ?’

ರಾಜಕೀಯದ ಬೇಡಿಕೆ ತಂತ್ರಜ್ಞಾನದ ಅಗತ್ಯಕ್ಕೆ ಇಷ್ಟು ಸರಿಯಾಗಿ ಕೂಡಿಬಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕೂಡಲೇ ಒಪ್ಪಿದೆ. ಆದರೆ ಒಂದು ಮಾತು ಸ್ಪಷ್ಟ ಮಾಡಬೇಕಿತ್ತು. ‘ಯಜಮಾನ್ರೆ, ಅದು ಸಣ್ಣ ಡಬ್ಬಿ. ಅದರಲ್ಲಿ ಲೆಕ್ಕಪತ್ರ ಇರಲ್ಲ. ದಾವಣಗೆರೆ ಹರಿಹರದ ನಡುವೆ ಮಾತು ನಿಂತಾಗ ಯಾರು ಯಜಮಾನ ಅಂತ ಒಂದು ವೋಟು ಹಾಕ್ತದೆ, ಅಷ್ಟೇ.’

‘ಲೆಕ್ಕ ತೋರಿಸಂಗಿಲ್ಲ, ವೋಟು ಮಾತ್ರ ಹಾಕಿಸ್ಕಂತಾರೆ?’

‘ಹೌದು.’

‘ಅದು ನಮ್ಮೂರಿಗೆ ರೂಢಿ ಐತಿ, ಇಡ್ರಿ’ ಎಂದರು.

ಹಾಗೆ ಕುಕ್ಕುವಾಡಕ್ಕೆ ಒಂದು ಸರ್ವರ್ ಬಂತು. ಊಟದ ಡಬ್ಬಿಯಷ್ಟು ದೊಡ್ಡದು, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ, ಪಕ್ಕದಲ್ಲಿ ಒಂದು ಸಣ್ಣ ಯುಪಿಎಸ್. ಅದರ ಶತ್ರು ಕಬ್ಬಿನ ಸೀಸನ್. ಕಬ್ಬು ಅರೆಯುವ ತಿಂಗಳುಗಳಲ್ಲಿ ಊರಿನ ರಸ್ತೆಯಲ್ಲಿ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಹೇರು ಎಷ್ಟು ಎತ್ತರವೆಂದರೆ, ಕಂಬದಿಂದ ಕಂಬಕ್ಕೆ ಇಳಿಬಿದ್ದ ಫೈಬರ್ ತಂತಿಗೆ ಕಬ್ಬಿನ ತುದಿ ಸಿಕ್ಕಿಕೊಂಡು ತಂತಿಯೂ ಕಾರ್ಖಾನೆಯ ಕಡೆ ಹೊರಡುತ್ತದೆ. ಚಾಲಕನಿಗೆ ಹಾಡಿನ ಸದ್ದಿನಲ್ಲಿ ಏನೂ ತಿಳಿಯುವುದಿಲ್ಲ. ಹಾಗಾಗಿ ಡಬ್ಬಿಗೊಂದು ಮೊಬೈಲ್ ಸಿಮ್ ಕೂಡ ಹಾಕಿದ್ದೇವೆ. ತಂತಿ ಹೋದರೂ ವೋಟು ಹೋಗಬಾರದಲ್ಲ. ಊರಿನವರು ಇದನ್ನು ‘ಚುನಾವಣೆ ಡಬ್ಬಿ’ ಎನ್ನುತ್ತಾರೆ, ವಿಜಯದಶಮಿಯ ಹಿಂದಿನ ದಿನ ಅದಕ್ಕೂ ಕುಂಕುಮ ಬಿದ್ದಿದೆ.

ಇಷ್ಟಾದ ಮೇಲೆ ಅಧ್ಯಕ್ಷರು ನಿರಾಳವಾಗಿ, ‘ಅಂದ್ರೆ ಇನ್ನು ಬ್ಯಾಕಪ್ ತಗೊಳ್ಳೋದು ಬ್ಯಾಡ ಅನ್ರಿ’ ಎಂದರು. ಬಹುಪಾಲು ಜನ ಎಡವುವುದು ಇಲ್ಲೇ. ಗುಮಾಸ್ತರೊಬ್ಬರು ತಪ್ಪಿ ಒಂದು ಶಾಖೆಯ ಖಾತೆಗಳನ್ನೆಲ್ಲ ಅಳಿಸಿದರೆ, ಆ ಅಳಿಸಿದ ಸಾಲೂ ಖಿರ್ದಿಯಲ್ಲಿ ಸೇರಿ, ಅತಿ ವಿಧೇಯವಾಗಿ ಹರಿಹರಕ್ಕೂ ಬೆಂಗಳೂರಿಗೂ ಹೋಗಿ ಅಲ್ಲೂ ಅಳಿಸಿಬರುತ್ತದೆ. ಹಿಂದೆಯೂ ಹೀಗೇ: ಓಲೆ ಬರೆಯುವವನು ಒಂದು ಪದ್ಯ ಬಿಟ್ಟರೆ ಅವನ ಪ್ರತಿ ನೋಡಿ ಬರೆದವರೆಲ್ಲ ಅದನ್ನು ಬಿಟ್ಟರು. ಅದಕ್ಕೇ ಗ್ರಂಥಸಂಪಾದಕರು ಬೇರೆ ಬೇರೆ ಊರಿನ ಪ್ರತಿ ಹುಡುಕಿಕೊಂಡು ಅಲೆದದ್ದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ನಿದ್ದೆಗೆಟ್ಟ ಇಂಜಿನಿಯರ್ ಒಬ್ಬರು ನಕಲಿನ ಕಡತ ಅಳಿಸಲು ಹೋಗಿ ಯಜಮಾನನದನ್ನೇ ಅಳಿಸಿದರು. ಕೈ ತಡೆಯುವಷ್ಟರಲ್ಲಿ 300 ಜಿಬಿ ಹೋಗಿ ನಾಲ್ಕೂವರೆ ಜಿಬಿ ಉಳಿದಿತ್ತು. ಅವರು ನಂಬಿದ್ದ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ಯಾವುದೂ ಆಗ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಇಂಜಿನಿಯರ್ ಬೇರೊಂದು ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಪ್ರತಿ ಅವರ ಮಾನ ಉಳಿಸಿತು. ಇದಕ್ಕೆಂದೇ ನಾವು ಬೆಂಗಳೂರಿನ ಪ್ರತಿಯನ್ನು ಬೇಕೆಂದೇ ಒಂದು ಗಂಟೆ ಹಿಂದೆ ಇಟ್ಟಿದ್ದೇವೆ. ಅಳಿಸಿದ್ದು ಅಲ್ಲಿಗೆ ತಲುಪುವ ಮೊದಲು ‘ಅಯ್ಯೋ’ ಎನ್ನಲು ಒಂದು ಗಂಟೆ ಸಿಗುತ್ತದೆ. ರಾತ್ರಿಯ ಬ್ಯಾಕಪ್ ಬೇರೆ ಇದ್ದೇ ಇದೆ.

ಹಳೆಯ ಯಜಮಾನ ಸುಧಾರಿಸಿಕೊಂಡು ವಾಪಸಾದಾಗ ಅವನನ್ನು ಏನು ಮಾಡುವುದೆಂಬುದನ್ನು ಬಹಳ ಯೋಜನೆಗಳಲ್ಲಿ ಬರೆದೇ ಇರುವುದಿಲ್ಲ. ನಮ್ಮ ಜಿಲ್ಲೆಗೆ ಹೀಗೆ ಹೋಗಿ ಬರುವುದು ಹೊಸದಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಬಳ್ಳಾರಿಯಿಂದ ಹರಪನಹಳ್ಳಿ ನಮ್ಮ ಕಡೆ ಬಂತು, 2018ರಲ್ಲಿ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಊರು ಇದ್ದಲ್ಲೇ ಇದೆ, ಓಡಾಡಿದ್ದು ಕಡತಗಳು. ಹೋಗುವಾಗಿನ ಮೆರವಣಿಗೆ ಬರುವಾಗ ಇರುವುದಿಲ್ಲ ಎಂಬುದನ್ನು ಆ ಕಡತ ಹೊತ್ತವರನ್ನು ಕೇಳಬೇಕು.

ಕೊನೆಯ ಜಗಳ ತಾಲೀಮಿನದು. ಕೆಲಸದ ದಿನವೇ, ಗ್ರಾಹಕರಿರುವಾಗಲೇ, ದಾವಣಗೆರೆಯ ಸರ್ವರನ್ನು ನಾವೇ ಆರಿಸಿ ನೋಡಬೇಕೆಂದೆ. ‘ಚೆನ್ನಾಗಿ ನಡಿಯೋದನ್ನ ಯಾಕ್ರಿ ನಿಲ್ಲಿಸ್ಬೇಕು? ಹೊಟ್ಟೆ ನೋಯದೆ ಇದ್ರೂ ಆಪರೇಷನ್ನಾ?’ ಎಂದರು ಅಧ್ಯಕ್ಷರು. ಉತ್ತರಕ್ಕೆ ನಾನು ಮುಂಬಯಿಗೆ ಹೋಗಬೇಕಾಯಿತು. 2021ರ ಫೆಬ್ರವರಿ 24ರಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಮಧ್ಯಾಹ್ನಕ್ಕೆ ಮುಂಚೆಯೇ ನಿಂತುಹೋಯಿತು. ಚೆನ್ನೈನಲ್ಲಿ ಪರ್ಯಾಯ ಕೇಂದ್ರ ಸಿದ್ಧವಾಗಿತ್ತು, ಆದರೆ ಅಲ್ಲಿಗೆ ದಾಟಲಿಲ್ಲ. ಮುಂಬಯಿಯದನ್ನೇ ಸರಿಮಾಡಿ ಸಂಜೆ ಹೆಚ್ಚುವರಿ ವಹಿವಾಟು ನಡೆಸಿದರು. ಮೂರು ವರ್ಷದ ನಂತರ, 2024ರ ಮಾರ್ಚ್ 2ರ ಶನಿವಾರ, ರಜೆಯ ದಿನ ಪೇಟೆ ತೆರೆದು, ನಿಜವಾದ ದುಡ್ಡಿನ ನಿಜವಾದ ವಹಿವಾಟನ್ನು ಮುಖ್ಯ ಕೇಂದ್ರದಲ್ಲಿ ಶುರುಮಾಡಿ ಪರ್ಯಾಯ ಕೇಂದ್ರದಲ್ಲಿ ಮುಂದುವರಿಸಿದರು. ಅಷ್ಟು ದೊಡ್ಡವರೇ ಮಾಡಿದರೆ ನಮಗೇನು ಎಂದಾಗ ಅಧ್ಯಕ್ಷರು ಮೆತ್ತಗಾದರು. ಷೇರುಪೇಟೆಯಲ್ಲಿ ಅವರ ದುಡ್ಡೂ ಇತ್ತು.

ಮೊದಲ ತಾಲೀಮಿನಲ್ಲಿ ಯಂತ್ರಗಳು ಮರ್ಯಾದೆ ಉಳಿಸಿದವು. ದಾವಣಗೆರೆ ಸುಮ್ಮನಾಯಿತು, ಕುಕ್ಕುವಾಡ ವೋಟು ಹಾಕಿತು, ಹರಿಹರ ಅಧಿಕಾರ ವಹಿಸಿಕೊಂಡಿತು. ಪಾಸ್‌ಬುಕ್ ಪ್ರಿಂಟರ್ ಮಾತ್ರ ಮುಷ್ಕರ ಹೂಡಿತು. ಯಾವ ಕಾಲದಲ್ಲೋ ಅದರ ಪ್ರೋಗ್ರಾಮಿನೊಳಗೆ ಯಾರೋ ದಾವಣಗೆರೆ ಸರ್ವರಿನ ನಂಬರನ್ನು ನೇರವಾಗಿ ಬರೆದಿದ್ದರು; ಅದಕ್ಕೆ ಬೇರೆ ಯಜಮಾನ ಗೊತ್ತೇ ಇಲ್ಲ. ಐದು ರೂಪಾಯಿಯ ಪೆನ್ನಿನಲ್ಲಿ ಪಾಸ್‌ಬುಕ್ ತುಂಬುತ್ತ ಕಾರ್ಯದರ್ಶಿಗಳು ಬಹಳ ಸಂತೋಷವಾಗಿದ್ದರು. ನಕಾಶೆಯಲ್ಲಿ ಆ ಪ್ರಿಂಟರ್ ಇರಲೇ ಇಲ್ಲ, ತಾಲೀಮು ಮಾಡದಿದ್ದರೆ ಇಂದಿಗೂ ಇರುತ್ತಿರಲಿಲ್ಲ.

ಈಗ ಪ್ರತಿ ಮೂರು ತಿಂಗಳಿಗೊಂದು ತಾಲೀಮು ಎಂದು ಸಭೆಯಲ್ಲಿ ಠರಾವಾಗಿದೆ. ಆ ದಿನ ಬೆಳಿಗ್ಗೆ ಹನ್ನೊಂದರಿಂದ ಹನ್ನೊಂದೂವರೆಯವರೆಗೆ ರಸೀದಿ ಸ್ವಲ್ಪ ತಡವಾಗಬಹುದು. ಸದಸ್ಯರು ದಯವಿಟ್ಟು ಗಲಾಟೆ ಮಾಡದೆ ಸಹಕರಿಸಬೇಕು. ಕಬ್ಬಿನ ಟ್ರ್ಯಾಕ್ಟರಿನವರು ಅರ್ಧ ಗಂಟೆ ಕುಕ್ಕುವಾಡದ ಕಂಬಗಳ ಕೆಳಗೆ ನಿಧಾನವಾಗಿ ಹೋಗಬೇಕೆಂದು ವಿಶೇಷ ವಿನಂತಿ.